ಕಲೋನ್ ಕಾರ್ನಿವಲ್: ಹೊಸದಾಗಿ ಬಂದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದವಳು. ಕೆಲಸಕ್ಕೆಂದು ಜರ್ಮನಿಯ ಕಲೋನ್‌ಗೆ ಬಂದು ಒಂಬತ್ತು ವರ್ಷ ಆಯಿತು. ಜನವರಿ ಬಂತು ಅಂದರೆ ಇಲ್ಲಿಗೆ ಹೊಸದಾಗಿ ಬಂದ ನಮ್ಮವರ ಫೋನ್ ಶುರುವಾಗುತ್ತದೆ. "ಅಕ್ಕಾ, ಆಫೀಸಿಗೆ ರಜೆ ಇರುತ್ತಾ? ಪಾಪು ಕರ್ಕೊಂಡು ಹೋಗಬಹುದಾ? ಏನು ಹಾಕಿಕೊಳ್ಳಬೇಕು?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದನ್ನು ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಕಾರ್ನಿವಲ್ ಅಂದರೆ ಏನು? ಈ ಊರಿಗೆ ಅದು ಯಾಕಷ್ಟು ಮುಖ್ಯ?

ಈಸ್ಟರ್‌ಗೆ ಮುಂಚೆ ಕ್ರೈಸ್ತರಿಗೆ ನಲವತ್ತು ದಿನಗಳ ಉಪವಾಸದ ಕಾಲ ಬರುತ್ತದೆ. ಅದು ಶುರುವಾಗುವ ಮೊದಲು ಹೊಟ್ಟೆ ತುಂಬ ತಿಂದು, ಕುಣಿದು, ನಕ್ಕು ಹಗುರಾಗುವ ದಿನಗಳೇ ಕಾರ್ನಿವಲ್. ಜರ್ಮನಿಯ ಬೇರೆ ಕಡೆಯೂ ಇದೆ. ಬವೇರಿಯಾದವರು ಫಾಶಿಂಗ್ ಅನ್ನುತ್ತಾರೆ. ಆದರೆ ರೈನ್ ನದಿ ದಂಡೆಯ ಈ ಊರುಗಳಲ್ಲಿ ಅದರ ಜೋರೇ ಬೇರೆ. ಇಲ್ಲಿಯವರು ಅದನ್ನು ವರ್ಷದ ಐದನೇ ಋತು ಅಂತಲೇ ಕರೆಯುತ್ತಾರೆ. ಧಾರವಾಡ, ಬಾಗಲಕೋಟೆ ಕಡೆಯವರಿಗೆ ಹೋಳಿ ಅಂದರೆ ಏನು ಅಂತ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಆ ದಿನಗಳಲ್ಲಿ ಊರು ಬೇರೆಯೇ ಊರಾಗುತ್ತದೆ ಅಲ್ವಾ, ಹಾಗೆ.

ಯಾವಾಗ ಬರುತ್ತದೆ?

ಋತು ಶುರುವಾಗುವುದು ನವೆಂಬರ್ 11ರಂದು, ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ. ಹನ್ನೊಂದು ಇಲ್ಲಿ ಹುಚ್ಚರ ಸಂಖ್ಯೆ. ಆ ದಿನ ಹಳೆಯ ಊರಿನಲ್ಲಿ ದೊಡ್ಡ ಗದ್ದಲ ಆಗುತ್ತದೆ. ಡಿಸೆಂಬರ್ ಪೂರ್ತಿ ಕ್ರಿಸ್‌ಮಸ್‌ಗೆ ಬಿಟ್ಟುಕೊಟ್ಟು, ಜನವರಿಯಲ್ಲಿ ಮತ್ತೆ ಚಿಗುರುತ್ತದೆ.

ನಿಜವಾದ ಹಬ್ಬ ಆರು ದಿನ, ಗುರುವಾರದಿಂದ ಮಂಗಳವಾರದವರೆಗೆ. ಬುಧವಾರ ಎಲ್ಲ ಮುಗಿಯಿತು. ಈಸ್ಟರ್ ಚಂದ್ರನ ಲೆಕ್ಕಕ್ಕೆ ಬರುವುದರಿಂದ ಇದರ ತಾರೀಖೂ ಪ್ರತಿ ವರ್ಷ ಬದಲಾಗುತ್ತದೆ. ದೊಡ್ಡ ಮೆರವಣಿಗೆಯ ಸೋಮವಾರ 2026ರಲ್ಲಿ ಫೆಬ್ರವರಿ 16ಕ್ಕೆ, 2027ರಲ್ಲಿ ಫೆಬ್ರವರಿ 8ಕ್ಕೆ, 2028ರಲ್ಲಿ ಫೆಬ್ರವರಿ 28ಕ್ಕೆ. ನಮ್ಮ ಹೋಳಿ ಹುಣ್ಣಿಮೆಯೂ ಚಂದ್ರನ ಲೆಕ್ಕವೇ. ಕೆಲವು ವರ್ಷ ಕಾರ್ನಿವಲ್ ಮುಗಿದು ಒಂದೆರಡು ವಾರಕ್ಕೇ ಹೋಳಿ ಬಂದುಬಿಡುತ್ತದೆ. ನನಗೆ ಆ ವರ್ಷಗಳೇ ಜಾಸ್ತಿ ಇಷ್ಟ.

ಆಫೀಸಿಗೆ ರಜೆ ಸಿಗುತ್ತದಾ?

ಸರ್ಕಾರಿ ರಜೆ ಇಲ್ಲ. ಆದರೆ ಸೋಮವಾರ ಊರಿನ ಬಹಳಷ್ಟು ಆಫೀಸು, ಶಾಲೆ, ಅಂಗಡಿ ಬಾಗಿಲು ಹಾಕಿರುತ್ತವೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಕೆಲಸ ನಿಲ್ಲುತ್ತದೆ. ನಿಮ್ಮ ಕಂಪನಿಯ ರೂಢಿ ಏನು ಅಂತ ಜನವರಿಯಲ್ಲೇ ಕೇಳಿಟ್ಟುಕೊಳ್ಳಿ. ಬೇರೆ ಊರಿನ ಆಫೀಸಿನ ಜೊತೆ ಮೀಟಿಂಗ್ ಇದ್ದರೆ ಆ ಗುರುವಾರ ಇಟ್ಟುಕೊಳ್ಳಬೇಡಿ.

ಗುರುವಾರ ಹೆಂಗಸರು ಟೈ ಕತ್ತರಿಸುತ್ತಾರಂತೆ, ನಿಜನಾ?

ನಿಜ. ಆ ದಿನದ ಹೆಸರು ವೈಬರ್‌ಫಾಸ್ಟ್‌ನಾಖ್ಟ್. ಅಂದು ಊರಿನ ಅಧಿಕಾರ ಹೆಂಗಸರ ಕೈಗೆ. 11 ಗಂಟೆ 11 ನಿಮಿಷಕ್ಕೆ ಆಲ್ಟರ್ ಮಾರ್ಕ್ಟ್ ಚೌಕದಲ್ಲಿ ಹಬ್ಬ ಶುರುವಾಗುತ್ತದೆ. ಕತ್ತರಿ ಹಿಡಿದ ಹೆಂಗಸರು ಗಂಡಸರ ಟೈ ಕತ್ತರಿಸಿ, ಬದಲಿಗೆ ಕೆನ್ನೆಗೊಂದು ಸಣ್ಣ ಮುತ್ತು ಕೊಡುತ್ತಾರೆ. ಆ ಮುತ್ತಿಗೆ ಊರಿನ ಭಾಷೆಯಲ್ಲಿ ಬ್ಯೂಟ್ಸ್ಯೆ ಅಂತ ಹೆಸರು. ಅದರಲ್ಲಿ ಬೇರೆ ಅರ್ಥ ಏನೂ ಇಲ್ಲ. ಬೇಡ ಅನಿಸಿದರೆ ಬೇಡ ಅನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ನೀವೂ ಅಷ್ಟೇ, ಕೇಳದೆ ಯಾರ ಟೈಗೂ ಕತ್ತರಿ ಹಾಕಬೇಡಿ.

ನಮ್ಮ ಆಫೀಸಿನ ಹಿರಿಯ ಮ್ಯಾನೇಜರ್ ಒಬ್ಬರು ಇಡೀ ವರ್ಷ ಟೈ ಕಟ್ಟುವುದಿಲ್ಲ. ಆ ಗುರುವಾರ ಮಾತ್ರ ಒಂದು ಹಳೇ ಟೈ ಕಟ್ಟಿಕೊಂಡು ಬಂದು ಕತ್ತರಿಗಾಗಿ ಕಾಯುತ್ತಾರೆ. ಕತ್ತರಿಸಿದ ತುಂಡುಗಳನ್ನು ಕಾಫಿ ಮಷೀನ್ ಮೇಲಿನ ಬೋರ್ಡಿಗೆ ಪಿನ್ ಮಾಡುತ್ತೇವೆ. ಒಂಬತ್ತು ವರ್ಷದ ತುಂಡುಗಳು ಅಲ್ಲಿ ಸಾಲಾಗಿವೆ.

ಇದರ ಹಿಂದೆ ಒಂದು ಕಥೆ ಇದೆ, ನಮ್ಮ ಹೆಣ್ಣುಮಕ್ಕಳಿಗೆ ನಾನು ಅದನ್ನು ಹೇಳದೆ ಬಿಡುವುದಿಲ್ಲ. ಹತ್ತಿರದ ಬಾನ್ ನಗರದ ಆಚೆ ದಂಡೆಯಲ್ಲಿ ಬೋಯೆಲ್ ಅಂತ ಊರು. ಅಲ್ಲಿನ ಹೆಂಗಸರು ಬಟ್ಟೆ ಒಗೆದು ಬದುಕುತ್ತಿದ್ದರು. ಒಗೆದ ಬಟ್ಟೆ ಕಲೋನ್‌ಗೆ ಮುಟ್ಟಿಸಲು ಹೋದ ಗಂಡಸರು ಕಾರ್ನಿವಲ್‌ನಲ್ಲಿ ಕುಡಿದು ಕುಣಿದು ಬರುವರು. ಇವರು ಮಾತ್ರ ಸೋಪು ನೀರಿನಲ್ಲಿ ಕೈ ಅದ್ದಿಕೊಂಡೇ ಇರುವರು. 1824ರಲ್ಲಿ ಆ ಹೆಂಗಸರು ತಮ್ಮದೇ ಸಮಿತಿ ಕಟ್ಟಿಕೊಂಡು, ನಮಗೂ ಒಂದು ದಿನ ಬೇಕು ಅಂದರು. ಇವತ್ತಿಗೂ ಬೋಯೆಲ್‌ನಲ್ಲಿ ಆ ಗುರುವಾರ ಹೆಂಗಸರು ಪುರಸಭೆಗೆ ಲಗ್ಗೆ ಇಡುತ್ತಾರೆ.

ವೇಷ ಹಾಕಲೇಬೇಕಾ?

ಹಾಕಿ. ದಯವಿಟ್ಟು ಹಾಕಿ.

ಮೊದಲ ವರ್ಷ ನಾನು ಕಪ್ಪು ಕೋಟು ಹಾಕಿಕೊಂಡು ಸುಮ್ನೆ ನೋಡಿ ಬರೋಣ ಅಂತ ಹೊರಟೆ. ಟ್ರಾಮ್ ಹತ್ತಿದರೆ ಒಳಗೆ ಜೇನುಹುಳ, ಕಡಲ್ಗಳ್ಳ, ಜಿರಾಫೆ, ಎಲ್ಲಾ ಇವೆ. ಮನುಷ್ಯಳು ಅಂದರೆ ನಾನೊಬ್ಬಳೇ. ಅಷ್ಟು ಜನರ ನಡುವೆ ಅಷ್ಟು ಒಂಟಿ ಅನಿಸಿದ್ದು ಈ ದೇಶದಲ್ಲಿ ಅದೇ ಮೊದಲು. ಎದುರು ಕೂತಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಚೀಲದಿಂದ ಲಿಪ್‌ಸ್ಟಿಕ್ ತೆಗೆದು, ಬರೆಯಲಾ ಅಂತ ಕಣ್ಣಲ್ಲೇ ಕೇಳಿದರು. ತಲೆ ಆಡಿಸಿದೆ. ನನ್ನ ಗಲ್ಲ ಹಿಡಿದು, ಎರಡೂ ಕೆನ್ನೆಗೆ ಒಂದೊಂದು ಕೆಂಪು ಹೃದಯ ಬರೆದು, ತಾವೇ ನೋಡಿ ಖುಷಿಪಟ್ಟು, ಮುಂದಿನ ಸ್ಟಾಪಿಗೆ ಇಳಿದು ಹೋದರು. ಆಮೇಲೆ ಬೀದಿಯಲ್ಲಿ ಕಂಡವರೆಲ್ಲ ನನ್ನ ಜೊತೆ ಮಾತಾಡಿದರು. ಎರಡು ಗೆರೆ ಬಣ್ಣ ಸಾಕಾಯಿತು.

ಹಾಗಾಗಿ ದುಡ್ಡು ಜಾಸ್ತಿ ಖರ್ಚು ಮಾಡುವುದು ಬೇಡ. ಮೂಗಿಗೆ ಕೆಂಪು ಚೆಂಡು, ಕೆನ್ನೆಗೆ ಬಣ್ಣ, ಕೆಂಪು ಬಿಳಿ ಪಟ್ಟೆಯ ಟೀ ಶರ್ಟ್ ಆದರೂ ಸರಿ. ಕೆಂಪು, ಬಿಳಿ ಈ ಊರಿನ ಬಣ್ಣ. ಒಂದು ಮಾತು ನೆನಪಿರಲಿ, ಫೆಬ್ರವರಿಯ ಚಳಿ. ವೇಷದ ಬಟ್ಟೆ ಒಂದು ಅಳತೆ ದೊಡ್ಡದು ತಗೊಳ್ಳಿ, ಒಳಗೆ ಥರ್ಮಲ್, ಸ್ವೆಟರ್ ಎರಡೂ ಹಿಡಿಸಬೇಕು. ಇನ್ನೊಂದು ಜನಾಂಗದವರನ್ನು ಅಣಕಿಸುವ ವೇಷ, ಮುಖಕ್ಕೆ ಕಪ್ಪು ಬಳಿದುಕೊಳ್ಳುವುದು ಬೇಡ. ಇಲ್ಲಿಯವರಲ್ಲೂ ಅದನ್ನು ಬೇಡ ಅನ್ನುವವರು ಈಗ ಹೆಚ್ಚಾಗುತ್ತಿದ್ದಾರೆ, ನನ್ನ ಮಾತೂ ಅದೇ.

ನಿಮ್ಮ ವೇಷ ಯಾವುದು?

ಇದನ್ನು ಕೇಳಿದರೆ ನನಗೆ ಭಾಳ ಸಂತೋಷ. ಇಲ್ಲಿ ಹಳೇ ಕಾಲದ ಒಂದು ವೇಷ ಇದೆ, ಲಾಪನ್‌ಕ್ಲೌನ್ ಅಂತ. ಕೋಟು, ಪ್ಯಾಂಟಿನ ಮೇಲೆಲ್ಲ ಬಣ್ಣಬಣ್ಣದ ಬಟ್ಟೆಯ ಚಿಂದಿಗಳನ್ನು ಒಂದರ ಮೇಲೊಂದು ಹೊಲಿದಿರುತ್ತಾರೆ. ಪ್ರತಿ ತುಂಡನ್ನು ಮೇಲಂಚಿನಲ್ಲಿ ಮಾತ್ರ ಹೊಲಿಯುವುದು. ಕುಣಿದಾಗ ಎಲ್ಲಾ ತುಂಡುಗಳು ಹಕ್ಕಿಯ ಗರಿ ಥರ ಹಾರುತ್ತವೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ನಮ್ಮ ಕೌದಿ.

ನಮ್ಮ ಮನೆ ಕೆಳಗಿನ ಮಹಡಿಯಲ್ಲಿ ಎಂಬತ್ತು ದಾಟಿದ ಒಬ್ಬರು ಇದ್ದಾರೆ. ಅವರೇ ನನಗೆ ಹೊಲಿಯಲು ಕಲಿಸಿದ್ದು. ಅವ್ವ ಊರಿನಿಂದ ಹಳೇ ಇಳಕಲ್ ಸೀರೆಯ ತುಂಡು, ನನ್ನ ಚಿಕ್ಕಂದಿನ ಲಂಗದ ಬಟ್ಟೆ, ಅಪ್ಪನ ಲುಂಗಿಯ ಚೂರು ಎಲ್ಲಾ ಗಂಟು ಕಟ್ಟಿ ಕಳಿಸಿದಳು. ಕೆಳಗಿನ ಮನೆಯವರು ಪ್ರತಿ ತುಂಡು ಕೈಗೆತ್ತಿಕೊಂಡು, ಇದು ಯಾರದು ಅಂತ ಕೇಳುವರು. ಹೇಳಿದ ಮೇಲೆಯೇ ಸೂಜಿ ಹಾಕುವರು. ಇಳಕಲ್ ಸೆರಗಿನ ತೋಪು ತೆನಿಯನ್ನು ಎದೆಯ ಮೇಲೆ ಬರುವ ಹಾಗೆ ಇಟ್ಟರು. ತಮ್ಮ ಗಂಡನ ಹಳೆಯ ಟೈಯ ಒಂದು ತುಂಡನ್ನೂ ಅದರ ಪಕ್ಕ ಸೇರಿಸಿದರು. ಮೂರು ಚಳಿಗಾಲ ಹಿಡಿಯಿತು ಆ ಕೋಟು ಮುಗಿಯಲು.

"ಆಲಾಫ್" ಅಂದರೆ ಏನು? ಏನೇನು ಕೂಗಬೇಕು?

"ಕ್ಯೊಲ್ಲೆ ಆಲಾಫ್!" ಕ್ಯೊಲ್ಲೆ ಅಂದರೆ ಊರಿನವರ ಬಾಯಲ್ಲಿ ಕಲೋನ್. ಆಲಾಫ್ ಅಂದರೆ ಹೆಚ್ಚುಕಮ್ಮಿ "ಮಿಕ್ಕಿದ್ದೆಲ್ಲಾ ಇದರ ಕೆಳಗೆ" ಅಂತ. ಒಬ್ಬರು ಮೂರು ಸಲ "ಕ್ಯೊಲ್ಲೆ" ಅಂದರೆ ಉಳಿದವರು ಪ್ರತಿ ಸಲ "ಆಲಾಫ್" ಅನ್ನಬೇಕು. ಬಲಗೈಯನ್ನು ಎಡ ಹಣೆಗೆ ಮುಟ್ಟಿಸುವುದು ಇಲ್ಲಿನ ಸಲ್ಯೂಟ್. ಸೈನಿಕರ ಸಲ್ಯೂಟನ್ನು ಬೇಕೆಂದೇ ತಿರುಗಾ ಮುರುಗಾ ಮಾಡಿದ್ದು.

ಪಕ್ಕದ ಡ್ಯುಸೆಲ್‌ಡಾರ್ಫ್‌ನಲ್ಲಿ, ಮೈನ್ಸ್‌ನಲ್ಲಿ "ಹೆಲಾವ್" ಅನ್ನುತ್ತಾರೆ. ಅದನ್ನು ಇಲ್ಲಿ ಕೂಗಬೇಡಿ, ಇದನ್ನು ಅಲ್ಲಿ ಕೂಗಬೇಡಿ.

ಮೆರವಣಿಗೆಯಲ್ಲಿ "ಕಮೆಲ್ಲೆ!" ಅಂದರೆ ಮಿಠಾಯಿ ಎಸೆಯುತ್ತಾರೆ, "ಶ್ಟ್ರೂಸ್ಯರ್!" ಅಂದರೆ ಸಣ್ಣ ಹೂಗುಚ್ಛ ಕೊಡುತ್ತಾರೆ. ಹಾಡುಗಳೆಲ್ಲ ಕ್ಯೊಲ್ಶ್ ಎಂಬ ಊರ ಭಾಷೆಯಲ್ಲಿ ಇರುತ್ತವೆ. ಕ್ಲಾಸಿನಲ್ಲಿ ಜರ್ಮನ್ ಕಲಿತವರಿಗೂ ಮೊದಲು ತಿಳಿಯುವುದಿಲ್ಲ. ಹಬ್ಬಕ್ಕೆ ಕೆಲವು ವಾರ ಮುಂಚೆ "ಲಾಸ್ ಮರ್ ಸಿಂಗೆ" ಅಂತ, ಅಂದರೆ "ಹಾಡೋಣ ಬನ್ನಿ" ಅಂತ, ಪಬ್ಬುಗಳಲ್ಲಿ ಸಂಜೆಗಳು ನಡೆಯುತ್ತವೆ. ಹಾಡಿನ ಸಾಲುಗಳ ಹಾಳೆಯನ್ನು ಎಲ್ಲರ ಕೈಗೂ ಕೊಡುತ್ತಾರೆ. ಒಂದು ಸಂಜೆ ಹೋಗಿ ಎರಡು ಹಾಡಿನ ಪಲ್ಲವಿ ಕಲಿತುಕೊಳ್ಳಿ. ಇದು ನೋಡುವ ಹಬ್ಬ ಅಲ್ಲ, ಬಾಯಿ ಬಿಟ್ಟು ಹಾಡುವ ಹಬ್ಬ. ನಾಲ್ಕು ಸಾಲು ಬಂದರೆ ಪಕ್ಕದವರು ನಿಮ್ಮ ಹೆಗಲ ಮೇಲೆ ಕೈ ಹಾಕಿ ತೂಗಾಡುತ್ತಾರೆ.

ಸೋಮವಾರದ ಮೆರವಣಿಗೆಗೆ ಮಕ್ಕಳನ್ನು ಕರ್ಕೊಂಡು ಹೋಗಬಹುದಾ?

ಹೋಗಬಹುದು, ಹೋಗಲೇಬೇಕು. ರೋಸೆನ್‌ಮೋಂಟಾಗ್ ಅಂತ ಆ ದಿನಕ್ಕೆ ಹೆಸರು. ದಾರಿ ಏಳೆಂಟು ಕಿಲೋಮೀಟರ್. ನಡೆಯುವವರು, ಕುಣಿಯುವವರು, ಬ್ಯಾಂಡಿನವರು, ರಥದ ಮೇಲಿನವರು ಸೇರಿ ಹತ್ತು ಸಾವಿರಕ್ಕೂ ಹೆಚ್ಚು. ನೋಡುವವರು ಹತ್ತು ಲಕ್ಷದಷ್ಟು. ಎಸೆಯುವ ಸಿಹಿ ಸುಮಾರು 300 ಟನ್. ಮೈಸೂರು ದಸರೆಯ ಸ್ತಬ್ಧಚಿತ್ರಗಳನ್ನು ನೋಡಿದವರಿಗೆ ರಥಗಳ ಅಂದಾಜು ಸಿಗುತ್ತದೆ. ಆದರೆ ಇಲ್ಲಿನ ಬೊಂಬೆಗಳು ಸುಮ್ಮನೆ ಕೂರುವುದಿಲ್ಲ. ಆ ವರ್ಷದ ರಾಜಕಾರಣಿಗಳನ್ನು, ಚರ್ಚನ್ನು, ಊರಿನ ಮೇಯರನ್ನು ಕೂಡ ಹಿಗ್ಗಾಮುಗ್ಗಾ ಅಣಕಿಸುತ್ತವೆ.

ಮೆರವಣಿಗೆ ಊರಿನ ದಕ್ಷಿಣದಲ್ಲಿ ಕ್ಲೋಡ್‌ವಿಗ್‌ಪ್ಲಾಟ್ಸ್ ಹತ್ತಿರ ಹೊರಡುತ್ತದೆ. ಕೆಥೆಡ್ರಲ್ ಹತ್ತಿರ ಜನಜಂಗುಳಿ ಜಾಸ್ತಿ, ಅಲ್ಲಿಗೆ ಮಕ್ಕಳ ಜೊತೆ ಬೇಡ. ಶುರುವಿನ ಕಡೆ ಬೆಳಿಗ್ಗೆ ಬೇಗ ಹೋಗಿ ನಿಂತರೆ ಎಸೆಯುವವರ ಕೈಯಲ್ಲಿ ಚೀಲ ಇನ್ನೂ ತುಂಬಿರುತ್ತದೆ. ಮಕ್ಕಳನ್ನು ಮುಂದಿನ ಸಾಲಿಗೆ ಬಿಡುತ್ತಾರೆ, ದೊಡ್ಡವರೇ ದಾರಿ ಕೊಡುತ್ತಾರೆ. ದೊಡ್ಡ ಬಟ್ಟೆ ಚೀಲ ಒಯ್ಯಿರಿ. ಚಾಕಲೇಟು ಗಾಳಿಯಲ್ಲೇ ಬರುತ್ತದೆ, ಕಣ್ಣು ಜೋಪಾನ. ರಥದ ಚಕ್ರದ ಹತ್ತಿರ ಬಿದ್ದ ಸಿಹಿಗೆ ಮಗು ಓಡದ ಹಾಗೆ ಕೈ ಹಿಡಿದಿರಿ. ಪ್ರತಿ ಚಕ್ರದ ಪಕ್ಕ ಕಾವಲಿಗೆ ಒಬ್ಬರು ನಡೆಯುತ್ತಾರೆ, ಆದರೂ ನಮ್ಮ ಎಚ್ಚರ ನಮಗಿರಲಿ. ತೀರಾ ಚಿಕ್ಕ ಮಕ್ಕಳಿದ್ದರೆ ಕಿವಿಗೆ ಮುಚ್ಚಿಗೆ ಬೇಕು.

ನನ್ನ ಮನಸ್ಸಿಗೆ ಹತ್ತಿರ ಇರುವುದು ಮಾತ್ರ ಭಾನುವಾರದ ಮೆರವಣಿಗೆ. ಅದು ಶಾಲೆಗಳದು, ಓಣಿಗಳದು. ಇಲ್ಲಿಯವರು ತಮ್ಮ ಓಣಿಗೆ ಫೇಡೆಲ್ ಅನ್ನುತ್ತಾರೆ. ಅಂಗಡಿಯಿಂದ ತಂದ ಬಟ್ಟೆ ಕಮ್ಮಿ, ಮನೆಯಲ್ಲಿ ಹೊಲಿದದ್ದೇ ಜಾಸ್ತಿ. ನಮ್ಮ ಮಗಳು ಮೂರನೇ ಕ್ಲಾಸಿನಲ್ಲಿ ಅದರಲ್ಲಿ ನಡೆದಳು. ನಾವು ಅಪ್ಪ ಅಮ್ಮಂದಿರು ಆರು ಶನಿವಾರ ಶಾಲೆಯಲ್ಲಿ ಕೂತು ಹಳೇ ಛತ್ರಿಗಳನ್ನು ಅಣಬೆ ಮಾಡಿದೆವು. ಮಗಳು ಹಾದು ಹೋಗುವಾಗ ನನ್ನನ್ನು ಕಂಡು, ಹಿಡಿ ತುಂಬ ಮಿಠಾಯಿ ನನ್ನ ಕಡೆಗೇ ಎಸೆದಳು. ನಿಮ್ಮ ಮಗುವಿನ ಶಾಲೆ ಸೇರುತ್ತದಾ ಅಂತ ದೀಪಾವಳಿ ಹೊತ್ತಿಗೇ ಟೀಚರನ್ನು ಕೇಳಿ.

ನಾವು ಸಸ್ಯಾಹಾರಿಗಳು. ಏನು ತಿನ್ನಬಹುದು?

ಮೊದಲು ಮಿಠಾಯಿ. ರಬ್ಬರಿನಂತೆ ಜಗಿಯುವ ಗಮ್ಮಿಗಳಲ್ಲಿ ಬಹಳಷ್ಟಕ್ಕೆ ಜೆಲಟಿನ್ ಹಾಕಿರುತ್ತಾರೆ, ಅದು ಪ್ರಾಣಿಗಳಿಂದ ತೆಗೆದದ್ದು. ಮನೆಗೆ ಬಂದು ಚೀಲ ಸುರುವಿ, ಪ್ಯಾಕೆಟ್ ಹಿಂದೆ ಓದಿ ಬೇರೆ ಮಾಡಿ. ನಾವು ತಿನ್ನದ್ದನ್ನು ಪಕ್ಕದ ಮನೆ ಮಕ್ಕಳಿಗೆ ಕೊಡುತ್ತೇವೆ.

ಪಬ್ಬಿನಲ್ಲಿ "ಹಾಲ್ವೆ ಹಾನ್" ಕೇಳಿ. ಹೆಸರಿನ ಅರ್ಥ ಅರ್ಧ ಹುಂಜ, ಆದರೆ ಕೋಳಿ ಸುಳಿವೇ ಇಲ್ಲ. ರೈ ಹಿಟ್ಟಿನ ಬನ್ನು, ದಪ್ಪ ಚೀಸ್ ತುಂಡು, ಸಾಸಿವೆ, ಈರುಳ್ಳಿ, ಅಷ್ಟೇ. ಚೀಸಿಗೆ ಹಾಲು ಒಡೆಯಲು ಹಾಕುವ ರೆನೆಟ್ ಕೆಲವೊಮ್ಮೆ ಕರುವಿನ ಹೊಟ್ಟೆಯಿಂದ ತೆಗೆದದ್ದು, ಅದರ ಬಗ್ಗೆ ಕಟ್ಟುನಿಟ್ಟು ಇರುವವರು ಕೇಳಿಕೊಳ್ಳಿ. ಬೇಕರಿಗಳಲ್ಲಿ ಮುಟ್ಸೆನ್ ಸಿಗುತ್ತದೆ. ಎಣ್ಣೆಯಲ್ಲಿ ಕರಿದು ಸಕ್ಕರೆ ಪುಡಿ ಉದುರಿಸಿದ ಹಿಟ್ಟಿನ ತುಂಡು, ನಮ್ಮ ಶಂಕರಪೋಳಿಯ ಹತ್ತಿರದ ನೆಂಟ. ಜಾಮ್ ತುಂಬಿದ ಬರ್ಲಿನರ್ ಕೂಡ ಇರುತ್ತದೆ. ಎರಡರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ.

ಕುಡಿಯದವರಿಗೆ ಅಲ್ಲಿ ಏನು ಕೆಲಸ?

ನಾನು ಕುಡಿಯುವುದಿಲ್ಲ, ಒಂಬತ್ತು ವರ್ಷದಿಂದ ಬಿಡದೆ ಹೋಗುತ್ತಿದ್ದೇನೆ. ಆಪಲ್ ಶೋರ್ಲೆ ಕೇಳಿ, ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು. ಬಿಯರ್ ಕುಡಿಯುವವರು ಒಂದು ತಿಳಿದಿರಿ. ಇಲ್ಲಿನ ಬಿಯರಿನ ಹೆಸರೂ ಕ್ಯೊಲ್ಶ್. 0.2 ಲೀಟರಿನ ಸಪೂರ ಗ್ಲಾಸಿನಲ್ಲಿ ಬರುತ್ತದೆ. ಖಾಲಿ ಆದಂತೆ ಕೇಳದೆಯೇ ಇನ್ನೊಂದು ತಂದಿಡುತ್ತಾರೆ. ಸಾಕು ಅನ್ನಲು ಗ್ಲಾಸಿನ ಮೇಲೆ ರಟ್ಟಿನ ಬಿಲ್ಲೆ ಮುಚ್ಚಿಡಬೇಕು.

ಗಲಾಟೆ, ಕುಡುಕರು ಇರುತ್ತಾರಲ್ಲ, ಹೆಣ್ಣುಮಕ್ಕಳು ಹೋಗಬಹುದಾ?

ಕುಡಿದವರು ಇರುತ್ತಾರೆ, ಮುಚ್ಚಿಟ್ಟು ಹೇಳುವುದಿಲ್ಲ. ಗುರುವಾರ ಮಧ್ಯಾಹ್ನದ ಮೇಲೆ ಮತ್ತು 11-11ರಂದು ಝುಲ್ಪಿಷರ್ ರಸ್ತೆಯ ಸುತ್ತ ಕಾಲೇಜು ಹುಡುಗರ ದೊಡ್ಡ ನೂಕುನುಗ್ಗಲು. ಅತ್ತ ಹೋಗಬೇಡಿ. ಹಬ್ಬದ ಚೆಂದ ಅಲ್ಲಿಲ್ಲ. ಜನಜಂಗುಳಿಯ ಕಡೆ ಗಾಜಿನ ಬಾಟಲಿ ಒಯ್ಯುವಂತಿಲ್ಲ. ಹೆಂಗಸರಿಗೆ, ಹುಡುಗಿಯರಿಗೆ ತೊಂದರೆ ಆದರೆ ನೆರವಿಗೆ "ಎಡೆಲ್‌ಗಾರ್ಡ್" ಎಂಬ ವ್ಯವಸ್ಥೆ ಇದೆ. ಆ ಹೆಸರಿನ ಫಲಕ ಇರುವ ಅಂಗಡಿ, ಹೋಟೆಲಿಗೆ ನುಗ್ಗಿದರೆ ಯಾಕೆ ಏನು ಅಂತ ಕೇಳದೆ ಕೂರಿಸಿಕೊಳ್ಳುತ್ತಾರೆ. ಪೊಲೀಸರಿಗೆ 110, ಆಂಬ್ಯುಲೆನ್ಸಿಗೆ 112. ನಾಲ್ಕು ಜನ ಒಟ್ಟಿಗೆ ಹೋಗಿ, ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಆ ಜನರ ನಡುವೆ ಫೋನ್ ಕೇಳಿಸುವುದಿಲ್ಲ.

ಸೈನಿಕರ ವೇಷದವರು ಯಾರು? ಗಂಡಸು ಯಾಕೆ ಹೆಣ್ಣು ವೇಷ ಹಾಕುತ್ತಾನೆ?

1794ರಲ್ಲಿ ಫ್ರೆಂಚರು ಊರು ಹಿಡಿದರು. ಆಮೇಲೆ ಪ್ರಷ್ಯ ಎಂಬ ಜರ್ಮನ್ ರಾಜ್ಯದವರು ಬಂದರು. ಅವರಿಗೆ ಶಿಸ್ತು, ಕವಾಯತು ಅಂದರೆ ಪ್ರಾಣ. 1823ರಲ್ಲಿ ಊರಿನವರು ಸಮಿತಿ ಮಾಡಿಕೊಂಡು ಕಾರ್ನಿವಲ್‌ಗೆ ಹೊಸ ರೂಪ ಕೊಟ್ಟರು. ಮೊದಲ ಸೋಮವಾರದ ಮೆರವಣಿಗೆಯೂ ಆ ವರ್ಷದ್ದೇ. ಆಗ ಹುಟ್ಟಿದ್ದು ಕೆಂಪು ಸಮವಸ್ತ್ರದ "ರೋಟೆ ಫುಂಕೆನ್" ದಳ. ಮರದ ಬಂದೂಕು, ಅದರ ಬಾಯಲ್ಲಿ ಹೂವು. ಕುಂಡೆಗೆ ಕುಂಡೆ ತಾಗಿಸಿ ಉಜ್ಜುವ ಒಂದು ಕುಣಿತ. ಆಳುವವರ ಕವಾಯತನ್ನು ಅವರ ಕಣ್ಣೆದುರೇ ಅಣಕಿಸಿದ್ದು ಅದು. ಇದು ತಿಳಿದ ಮೇಲೆ ಆ ದಳ ಹಾದು ಹೋಗುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಪ್ರತಿ ವರ್ಷ ಮೂವರು ಹಬ್ಬದ ಒಡೆಯರು: ರಾಜಕುಮಾರ, ರೈತ, ಕನ್ಯೆ. ಕನ್ಯೆಯ ಪಾತ್ರ ಗಂಡಸಿನದು, ಯಕ್ಷಗಾನದ ಸ್ತ್ರೀವೇಷದ ಹಾಗೆ. 1938 ಮತ್ತು 1939ರಲ್ಲಿ ನಾಜಿಗಳ ಒತ್ತಾಯಕ್ಕೆ ಹೆಂಗಸರು ಆ ಪಾತ್ರ ಮಾಡಿದರು. ಆ ಕಾಲದ ಮೆರವಣಿಗೆಯಲ್ಲಿ ಯಹೂದಿಗಳನ್ನು ಹೀಯಾಳಿಸುವ ರಥಗಳೂ ಇದ್ದವು. ಅದನ್ನು ಇವತ್ತು ಊರು ಮರೆಮಾಚುವುದಿಲ್ಲ. ಯುದ್ಧದಲ್ಲಿ ಊರೇ ಮಣ್ಣಾದ ಮೇಲೆ, 1949ರಲ್ಲಿ ಅವಶೇಷಗಳ ನಡುವೆ ಮೆರವಣಿಗೆ ಮತ್ತೆ ಹೊರಟಿತು.

ಮೆರವಣಿಗೆ ರದ್ದಾಗುತ್ತದಾ?

ಮಳೆಗೆ ಆಗುವುದಿಲ್ಲ. 1991ರಲ್ಲಿ ಕೊಲ್ಲಿ ಯುದ್ಧದ ಕಾರಣ ರದ್ದು ಮಾಡಿದ್ದರು. 2022ರಲ್ಲಿ ಹೆಂಗಸರ ಗುರುವಾರದ ದಿನವೇ ರಷ್ಯಾ ಉಕ್ರೇನ್ ಮೇಲೆ ದಾಳಿ ಶುರು ಮಾಡಿತು. ಆ ಸೋಮವಾರ ಮೆರವಣಿಗೆಯ ಬದಲು ಶಾಂತಿಗಾಗಿ ಜನ ನಡೆದರು, ಲಕ್ಷಗಟ್ಟಲೆ. ಅವತ್ತೂ ಬಹಳ ಜನ ಕಾರ್ನಿವಲ್ ಬಟ್ಟೆಯಲ್ಲೇ ಇದ್ದರು.

ಇದು ಕ್ರೈಸ್ತರ ಹಬ್ಬ. ನಾವು ಸೇರುವುದು ಸರಿನಾ?

ಸರಿ. ಇಲ್ಲಿ ನಿಮ್ಮ ಧರ್ಮ ಯಾರೂ ಕೇಳುವುದಿಲ್ಲ. ಊರಿನ ಒಂದು ಮಾತು ಇದೆ, ಒಬ್ಬೊಬ್ಬ ಹುಚ್ಚನೂ ಒಂದೊಂದು ಥರ ಅಂತ. ಹುಚ್ಚನಿಗೆ ಇಲ್ಲಿ ಯೆಕ್ ಅನ್ನುತ್ತಾರೆ, ಪ್ರೀತಿಯಿಂದ. ನಮಗೂ ಆ ಹೆಸರು ಸಲ್ಲುತ್ತದೆ.

ಮಂಗಳವಾರ ರಾತ್ರಿ ಬೊಂಬೆ ಸುಡುತ್ತಾರಂತೆ, ಏನದು?

ಅದು ನುಬ್ಬೆಲ್. ಹುಲ್ಲು ತುಂಬಿ, ಹಳೇ ಅಂಗಿ ಪ್ಯಾಂಟು ತೊಡಿಸಿದ ಆಳೆತ್ತರದ ಬೊಂಬೆ. ಹಬ್ಬದ ದಿನಗಳಲ್ಲಿ ಪಬ್ಬಿನ ಬಾಗಿಲ ಮೇಲೆ ತೂಗುಹಾಕಿರುತ್ತಾರೆ. ಮಂಗಳವಾರ ನಡುರಾತ್ರಿ ಅದನ್ನು ಇಳಿಸಿ, ಮೇಣದಬತ್ತಿ ಹಿಡಿದು, ಹೆಣ ಹೊತ್ತಂತೆ ಹೊತ್ತು ಬೀದಿಗೆ ತರುತ್ತಾರೆ. ಪಾದ್ರಿಯಂತೆ ಉಡುಪು ತೊಟ್ಟ ಒಬ್ಬರು ಆರೋಪ ಓದುತ್ತಾರೆ. ನಮ್ಮ ದುಡ್ಡೆಲ್ಲ ಕುಡಿದು ಖರ್ಚಾಯಿತು, ಯಾರ ತಪ್ಪು? "ನುಬ್ಬೆಲ್‌ದು!" ಅಂತ ಜನ ಕೂಗುತ್ತಾರೆ. ಗಂಟಲು ಕಟ್ಟಿತು, ಯಾರ ತಪ್ಪು? "ನುಬ್ಬೆಲ್‌ದು!" ಆಮೇಲೆ ಬೆಂಕಿ.

ನಮ್ಮ ಓಣಿಯ ಮೂಲೆಯ ಪಬ್ಬಿನೆದುರು ಮೊದಲ ಸಲ ನಾನು ಇದನ್ನು ನೋಡಿದಾಗ ಅಳು ಬಂತು. ಧಾರವಾಡದಲ್ಲಿ ನಮ್ಮ ಓಣಿಯ ಹುಡುಗರು ಕಟ್ಟಿಗೆ, ಕುಳ್ಳು ಕದ್ದು ತಂದು ಕಾಮಣ್ಣನನ್ನು ಸುಡುತ್ತಿದ್ದರು. ಹಲಗೆ ಬಡಿತ, ಬಾಯಿ ಬಡಿದು ಹಾಕುವ ಬೊಬ್ಬೆ, ಮುಖಕ್ಕೆ ಹೊಡೆಯುವ ಝಳ. ಇಲ್ಲಿ ಹಲಗೆಯ ಜಾಗದಲ್ಲಿ ದೊಡ್ಡ ಡೋಲು, ಉಳಿದದ್ದು ಅದೇ. ಎರಡಕ್ಕೂ ಕಥೆ ಬೇರೆ, ದೇವರು ಬೇರೆ, ನನಗೆ ಗೊತ್ತು. ಆದರೂ ಬೆಂಕಿ ಹತ್ತಿದ ಕೂಡಲೇ ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಬೊಬ್ಬೆ ಹಾಕಿದೆ. ಪಕ್ಕದವರು ತಿರುಗಿ ನೋಡಿ, ಹೇಗೆ ಅಂತ ಕೇಳಿ, ತಾವೂ ಹಾಕಿದರು. ಈಗ ನಮ್ಮ ಮೂಲೆಯಲ್ಲಿ ನುಬ್ಬೆಲ್ ಉರಿಯುವಾಗ ಹತ್ತಿಪ್ಪತ್ತು ಜನ ಧಾರವಾಡದ ಬೊಬ್ಬೆ ಹಾಕುತ್ತಾರೆ.

ದೊಡ್ಡ ಮೆರವಣಿಗೆ ತಪ್ಪಿದರೂ ಪರವಾಗಿಲ್ಲ, ಇದನ್ನು ತಪ್ಪಿಸಬೇಡಿ. ನಿಮ್ಮ ಮನೆ ಹತ್ತಿರದ ಪಬ್ಬಿಗೇ ಹೋಗಿ.

ಇಷ್ಟ ಇಲ್ಲದಿದ್ದರೆ?

ಊರು ಬಿಟ್ಟು ಹೋಗುವವರೂ ಇದ್ದಾರೆ. ಹಾಲೆಂಡಿನ ಕಡಲ ತೀರ ದೂರ ಇಲ್ಲ. ಹೋಟೆಲು ಬೇಗ ಬುಕ್ ಮಾಡಿ.

ಬುಧವಾರ ಏನು ಮಾಡುತ್ತಾರೆ?

ಚರ್ಚಿಗೆ ಹೋದವರ ಹಣೆಗೆ ಪಾದ್ರಿ ಬೂದಿಯ ಶಿಲುಬೆ ಇಡುತ್ತಾರೆ. ಅಪ್ಪ ಒಮ್ಮೆ ಇಲ್ಲಿಗೆ ಬಂದಾಗ ಟ್ರಾಮಿನಲ್ಲಿ ಅದನ್ನು ನೋಡಿ, "ಇವರೂ ವಿಭೂತಿ ಹಚ್ಚತಾರಲ್ಲ" ಅಂದು ತಮ್ಮ ಹಣೆ ಮುಟ್ಟಿಕೊಂಡರು. ಮಾಂಸ ಬಿಡುವ ದಿನವಾದ್ದರಿಂದ ಸಂಜೆ ಊರಿನವರು ಮೀನಿನ ಊಟ ಮಾಡುತ್ತಾರೆ. ನಮ್ಮ ಮನೆಯಲ್ಲಿ ಅವತ್ತು ಅನ್ನ, ಸಾರು.

ನಾನು ಲಾಪನ್‌ಕ್ಲೌನ್ ಕೋಟನ್ನು ಕೈಯಲ್ಲೇ ಒಗೆದು ಬಾಲ್ಕನಿಯಲ್ಲಿ ಹರವುತ್ತೇನೆ. ಒಣಗಿದ ಮೇಲೆ ಎಷ್ಟು ತುಂಡು ಬಿದ್ದು ಹೋಗಿದೆ ಅಂತ ಎಣಿಸಬೇಕು. ಹೋದ ಸಲ ಹದಿನಾಲ್ಕು. ಕೆಳಗಿನ ಮನೆಯವರು ಈಗ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾರರು. ನಾನು ಪೋಣಿಸಿ ಕೊಡುತ್ತೇನೆ, ಅವರು ಹೊಲಿಯುತ್ತಾರೆ.